ಅವಸರ ಎಂದು ಬರೆದದ್ದು

ಕನ್ನಡಕ್ಕಾಗಿ ಮೂರು ಒತ್ತಿ ಎಂದು ಫೋನಿನಲ್ಲಿ ಯಂತ್ರ ಹೇಳುತ್ತದಲ್ಲ, ಮೂರು ಒತ್ತಿದರೆ ಸಿಗುವವಳು ನಾನು. ನೋಯ್ಡಾದ ಒಂದು ಗಾಜಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೂತು, ಫ್ರಿಜ್ಜು, ಮಿಕ್ಸಿ, ನೀರಿನ ಫಿಲ್ಟರು ಮಾರುವ ಕಂಪನಿಯೊಂದರ ಪರವಾಗಿ ಕರ್ನಾಟಕದವರ ದೂರು ಕೇಳಿಸಿಕೊಳ್ಳುವುದು ನನ್ನ ಕೆಲಸ. ತಮಿಳಿಗೊಂದು ಕುರ್ಚಿ, ತೆಲುಗಿಗೊಂದು, ಬಂಗಾಳಿಗೊಂದು, ಹಾಗೇ ಕನ್ನಡಕ್ಕೂ ಒಂದು. ಕಂಪನಿ ದೊಡ್ಡದಲ್ಲ, ಒಂದು ಭಾಷೆಗೆ ಒಬ್ಬರು ಸಾಕು ಎಂದು ಅವರ ಲೆಕ್ಕ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನನ್ನ ಬಾಯಲ್ಲಿ ಕನ್ನಡವೇ ಕನ್ನಡ. ಆದರೆ ಆ ಕಟ್ಟಡದಲ್ಲಾಗಲಿ, ನಾನಿರುವ ಇಂದಿರಾಪುರಂನ ಹನ್ನೊಂದನೆಯ ಮಹಡಿಯಲ್ಲಾಗಲಿ, ಅಲ್ಲಿಂದಿಲ್ಲಿಗೆ ಓಡಾಡುವ ಶೇರ್ ಆಟೋದಲ್ಲಾಗಲಿ ನನ್ನ ಜೊತೆ ಕನ್ನಡ ಆಡುವವರು ಒಬ್ಬರೂ ಇರಲಿಲ್ಲ.

ನಾವು ಎಲ್ಲಿ ಕೂತಿದ್ದೇವೆ ಎಂದು ಗ್ರಾಹಕರಿಗೆ ಹೇಳುವ ಹಾಗಿಲ್ಲ. ಬೆಂಗಳೂರಿನಲ್ಲಿದ್ದೇನೆ ಎಂದೇ ಅವರು ತಿಳಿಯುತ್ತಾರೆ. "ನಿಮ್ಮ ಕಡೆ ಮಳೆ ಹೆಂಗಿದೆಯಮ್ಮ?" ಎಂದು ಹಾಸನದ ಕಡೆಯ ಹಿರಿಯರೊಬ್ಬರು ಕೇಳಿದರೆ, ಕಿಟಕಿಯಾಚೆ ಬೂದಿಬಣ್ಣಕ್ಕೆ ತಿರುಗಿದ ಬಿಸಿಲನ್ನು ನೋಡುತ್ತಾ "ಪರವಾಗಿಲ್ಲ ಸರ್" ಎನ್ನುತ್ತೇನೆ. ಇದು ಸುಳ್ಳಲ್ಲ, ನಿಯಮ.

ಪ್ರತಿ ಕರೆಯ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದರ ಮೂಲ ಹಿಂದಿ. ಹಿಂದಿಯಲ್ಲಿ 'ಸಮಾಧಾನ್' ಎಂದರೆ ಸಮಸ್ಯೆ ಬಗೆಹರಿಯುವುದು. ಯಾರೋ ಪುಣ್ಯಾತ್ಮರು ಅದನ್ನು ಕನ್ನಡಕ್ಕೆ ತರುವಾಗ ಆ ಪದವನ್ನು ಮುಟ್ಟದೆ ಹಾಗೇ ಇಳಿಸಿಬಿಟ್ಟಿದ್ದಾರೆ. ಹಾಗಾಗಿ ಏಳು ವರ್ಷದಿಂದ ನಾನು ಕೇಳುತ್ತಿರುವುದು ಇದು: "ನಿಮ್ಮ ಸಮಸ್ಯೆಗೆ ಸಮಾಧಾನ ಸಿಕ್ಕಿತೇ?" ಒಮ್ಮೆ ಮಂಡ್ಯದ ಹೆಂಗಸೊಬ್ಬರು, "ಮೂರು ದಿನದಿಂದ ಹಾಲು ಒಡೀತಾ ಐತೆ, ಸಮಾಧಾನ ಎಲ್ಲಿಂದ ಬರ್ಬೇಕವ್ವ?" ಎಂದು ಸರಿಯಾಗಿ ಉಗಿದರು. ಪದ ಬದಲಾಯಿಸಿ ಎಂದು ಎರಡು ಸಲ ಬರೆದೆ. ಮಂಜೂರಾದ ಸ್ಕ್ರಿಪ್ಟು, ಮುಟ್ಟುವಂತಿಲ್ಲ ಎಂದರು. ಗ್ರಾಹಕರ ಉತ್ತರಕ್ಕೆ ತಕ್ಕಂತೆ ಕಂಪ್ಯೂಟರಿನಲ್ಲಿ 'ಹೌದು' ಅಥವಾ 'ಇಲ್ಲ' ಒತ್ತಬೇಕು. 'ಹೌದು' ಒತ್ತಿದರೆ ದೂರು ಮುಗಿಯಿತು. 'ಇಲ್ಲ' ಒತ್ತಿದರೆ ದೂರು ತೆರೆದೇ ಇರುತ್ತದೆ, ಕರೆ ತೆಗೆದುಕೊಂಡವಳೇ ಎರಡು ದಿನದೊಳಗೆ ಮತ್ತೆ ಫೋನ್ ಮಾಡಬೇಕು, ಜೊತೆಗೆ ಅವಳ ಆ ತಿಂಗಳ ಅಂಕಕ್ಕೂ ಕತ್ತರಿ. ಆದ್ದರಿಂದ ನಮ್ಮ ಮಹಡಿಯಲ್ಲಿ ಯಾರೂ 'ಇಲ್ಲ' ಒತ್ತುವುದಿಲ್ಲ. ಗ್ರಾಹಕರು ಗೊಣಗಿದರೂ ಅದು ಹೌದೇ.

ಎಂ.ಎ.ಗೆ ಸೇರಬೇಕು ಅನ್ನಿಸಿದ್ದು ಒಂದು ಭಾನುವಾರ. ದಾವಣಗೆರೆಯಲ್ಲಿರುವ ಅಕ್ಕ ಫೋನ್ ಮಾಡಿದ್ದಳು. ಮಕ್ಕಳ ಶಾಲೆ, ಅವಳ ಸೊಂಟನೋವು, ಎಲ್ಲ ಮಾತಾಡಿ ಮುಗಿಸುವಾಗ ನನ್ನ ಬಾಯಿ ತಾನಾಗಿ ಹೇಳಿಬಿಟ್ಟಿತು: "ಬೇರೆ ಏನಾದರೂ ಸಹಾಯ ಬೇಕಿತ್ತೇ?"

"ಏನೇ ಇದು, ನನ್ನ ಸೊಂಟನೋವೂ ಕಂಪ್ಲೇಂಟ್ ಬರ್ಕೊಂಡ್ಯಾ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ನನ್ನ ಭಾಷೆ ಅಂತ ಉಳಿದಿದ್ದದ್ದು ಅದೊಂದು, ಅದೂ ಕಂಪನಿಯ ಸೊತ್ತಾಗಿಬಿಟ್ಟಿತೇ ಎಂದು ಆ ದಿನವೆಲ್ಲ ಚಡಪಡಿಸಿದೆ. ಮಾರನೆಯ ವಾರ ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ, ಕೆಲಸದಲ್ಲಿರುವವರಿಗೆಂದೇ ಶನಿವಾರ ಭಾನುವಾರ ನಡೆಯುವ ಭಾಷಾಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಿದೆ. ಆಗ ನನಗೆ ಮೂವತ್ತನಾಲ್ಕು. ಯಾವ ಬಡ್ತಿಗೂ ಅಲ್ಲ, ಮದುವೆಯ ಜಾತಕದಲ್ಲಿ ಹಾಕಿಕೊಳ್ಳುವುದಕ್ಕೂ ಅಲ್ಲ. ನನ್ನದು ಅನ್ನುವ ಒಂದು ವಿಷಯ ಬೇಕಿತ್ತು, ಅಷ್ಟೇ.

ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಹಿಂದೆ ಮರಾಠಿ ಕುರ್ಚಿಯ ಒಬ್ಬ ಓದುತ್ತಿದ್ದೇನೆ ಎಂದು ಹೇಳಿಕೊಂಡು, ಇವನು ಹೇಗೂ ಬಿಟ್ಟು ಹೋಗುವವನು ಎಂದು ಎಲ್ಲ ಪಟ್ಟಿಯಿಂದಲೂ ಹೊರಗಾಗಿದ್ದ. ಅದನ್ನು ನೋಡಿದ್ದ ನಾನು ಬಾಯಿ ಹೊಲಿದುಕೊಂಡೆ. ಹೊಲಿದುಕೊಂಡ ಬಾಯಿ ಎಂದೆನಲ್ಲ, ಮೆಟ್ರೋದಲ್ಲಿ ಮಾತ್ರ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ನಾಲಿಗೆ ಹಲ್ಲಿಗೆ ತಾಗಿದರೆ ಯಾವ ಅಕ್ಷರ, ಅಂಗುಳಿಗೆ ತಾಗಿದರೆ ಯಾವುದು ಎಂದು ಮೊದಲ ವರ್ಷ ಕಲಿಸುತ್ತಾರೆ. ನಿಂತಲ್ಲೇ ಪುಸ್ತಕ ಹಿಡಿದು ಟ, ಠ, ಡ, ಢ, ಣ ಎಂದು ಸದ್ದಿಲ್ಲದೆ ಬಾಯಾಡಿಸುತ್ತಿದ್ದೆ. ಎದುರಿನ ಹೆಂಗಸು ಒಂದು ದಿನ ತನ್ನ ಮಗಳನ್ನು ಎಳೆದುಕೊಂಡು ಬೇರೆ ಕಡೆ ಹೋಗಿ ಕೂತಳು. ನನಗೆ ಸೀಟು ಸಿಕ್ಕಿತು.

ತರಗತಿಯಲ್ಲಿ ಇಪ್ಪತ್ತು ಜನ. ಹೆಚ್ಚಿನವರು ಶಾಲೆಯ ಟೀಚರುಗಳು, ದಿಲ್ಲಿಯವರೇ. ಪಾಠ ಮುಗಿದ ಮೇಲೆ ಗುಂಪಾಗಿ ಚಹಾಕ್ಕೆ ಹೋಗುತ್ತಿದ್ದರು. ಮೊದಮೊದಲು ನನ್ನನ್ನೂ ಕರೆದರು. ನಾನು ವಾರದ ಬಟ್ಟೆ ಒಗೆಯುವುದಿದೆ, ಅಡಿಗೆಯಿದೆ, ಪ್ರಬಂಧ ಬರೆಯುವುದಿದೆ ಎಂದು ಓಡುತ್ತಿದ್ದೆ. ಆಮೇಲೆ ಕರೆಯುವುದನ್ನು ಬಿಟ್ಟರು. ಕರೆಯಲಿ ಎಂದು ಒಂದೆರಡು ಶನಿವಾರ ಬೇಕೆಂದೇ ನಿಧಾನವಾಗಿ ಚೀಲ ತುಂಬಿಕೊಂಡೆ, ಅಷ್ಟರಲ್ಲಿ ಕಾಲ ಮೀರಿತ್ತು. ಸೋಮವಾರದಿಂದ ಶುಕ್ರವಾರ ದುಡಿತ, ಶನಿವಾರ ಭಾನುವಾರ ಓದು. ಹೀಗೆ ಒಂದೂವರೆ ವರ್ಷ ಯಾರ ಮನೆಗೂ ಹೋಗಲಿಲ್ಲ, ನನ್ನ ಮನೆಗೂ ಯಾರೂ ಬರಲಿಲ್ಲ. ಮನೆಯ ಓನರ್ ಆಂಟಿ ಮಾತ್ರ ಲಿಫ್ಟಿನಲ್ಲಿ ಸಿಕ್ಕಾಗ "ಬೇಟಾ, ಸಬ್ ಠೀಕ್?" ಎಂದು ಕೇಳುತ್ತಿದ್ದರು, ನಾನು "ಜೀ ಆಂಟಿ" ಎನ್ನುವಷ್ಟರಲ್ಲಿ ಅವರ ಮಹಡಿ ಬಂದಿರುತ್ತಿತ್ತು.

ಕೊನೆಯ ಸೆಮಿಸ್ಟರಿನಲ್ಲಿ ಗ್ರಹಚಾರ ವಕ್ಕರಿಸಿತು. ನಾಲ್ಕರಲ್ಲಿ ಮೂರು ತರಗತಿಗಾದರೂ ಹಾಜರಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವಿಶ್ವವಿದ್ಯಾಲಯದ ನಿಯಮ. ಜನವರಿಯ ಚಳಿಯಲ್ಲಿ ಜ್ವರ ಬಂದು ಮಲಗಿ ತಪ್ಪಿಸಬಹುದಾದಷ್ಟನ್ನೂ ತಪ್ಪಿಸಿಬಿಟ್ಟಿದ್ದೆ. ಇನ್ನು ಒಂದೇ ಒಂದು ಶನಿವಾರ ತಪ್ಪಿದರೂ ಇಡೀ ವರ್ಷ ಮಣ್ಣುಪಾಲು. ಸರಿಯಾಗಿ ಆಗಲೇ ಆಫೀಸಿನಲ್ಲಿ ಬೇಸಿಗೆಯ ರೋಸ್ಟರು ಬಂತು. ಬಿಸಿಲು ಏರಿದರೆ ಫ್ರಿಜ್ಜಿನ ದೂರೂ ಏರುತ್ತದೆ, ಆದ್ದರಿಂದ ಮಾರ್ಚಿನಿಂದ ಶನಿವಾರವೂ ಎಲ್ಲರೂ ಬರಬೇಕು ಎಂದಿತ್ತು.

ನಮ್ಮ ಟೀಮ್ ಲೀಡ್ ಮೀರಠ್ ಕಡೆಯ ಹುಡುಗ, ನನಗಿಂತ ಆರು ವರ್ಷ ಚಿಕ್ಕವನು. ಕೆಟ್ಟವನಲ್ಲ. ಶನಿವಾರ ರಜೆ ಬೇಕು ಎಂದಾಗ ತಲೆ ಕೆರೆದುಕೊಂಡ. "ಮ್ಯಾಮ್, ಬಡೇ ಸರ್ ಮೇಲ್ ಓದೋದೇ ಇಲ್ಲ" ಎಂಬರ್ಥದಲ್ಲಿ ಹಿಂದಿಯಲ್ಲಿ ಹೇಳಿ, ಒಂದು ಉಪಾಯ ಕೊಟ್ಟ. ಹಿರಿಯ ಮ್ಯಾನೇಜರಿಗೆ ಕೈಯಲ್ಲಿ ಬರೆದ ಹಿಂದಿ ಅರ್ಜಿ ಎಂದರೆ ಪ್ರೀತಿಯಂತೆ, ನಾಲ್ಕು ಸಾಲು ಬರೆದುಕೊಟ್ಟರೆ ತಾನೇ ಮೇಜಿನ ಮೇಲಿಟ್ಟು ಸಹಿ ಹಾಕಿಸುತ್ತೇನೆ ಎಂದ.

ನನ್ನ ಹಿಂದಿ ಶಾಲೆಯಲ್ಲಿ ಕಲಿತ ಮೂರನೆಯ ಭಾಷೆ, ಮೇಲೆ ತರಕಾರಿ ಭಯ್ಯಾಗಳ ಜೊತೆ ಕಲಿತದ್ದು ಒಂದಷ್ಟು. ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಓದಿನ ವಿಷಯ ಬರೆಯುವಂತಿಲ್ಲ, ಆದರೆ ನನಗೆ ತುಂಬಾ ಅವಸರವಿದೆ, ತುರ್ತಿದೆ ಎಂದು ತಿಳಿಯಬೇಕು. ಊಟದ ಹೊತ್ತಿನಲ್ಲಿ ಕೂತು ಅಕ್ಷರ ದುಂಡಗೆ ಮಾಡಿ ಬರೆದೆ: ನಿಜೀ ಕಾರಣ್ ಸೇ ಮುಝೆ ಬಹುತ್ ಅವಸರ್ ಹೈ. ಶನಿವಾರ್ ಕೋ ಛುಟ್ಟೀ ನಹೀಂ ಮಿಲೀ ತೋ ಬಹುತ್ ಮುಶ್ಕಿಲ್ ಹೋಗೀ. ಸ್ವಂತ ಕಾರಣದಿಂದ ನನಗೆ ಬಹಳ ಅವಸರ, ಶನಿವಾರ ರಜೆ ಸಿಗದಿದ್ದರೆ ತುಂಬಾ ಕಷ್ಟವಾಗುತ್ತದೆ. ಓದಿ ನೋಡಿದೆ, ಬಹಳ ವಿನಯವಾಗಿ ಬಂದಿದೆ ಅನ್ನಿಸಿತು.

ಸಂಜೆಯೊಳಗೆ ಸಹಿಯಾಗಿ ಬಂತು! ಮೇ ಕೊನೆಯವರೆಗೆ, ಅಂದರೆ ನನ್ನ ಪರೀಕ್ಷೆ ಮುಗಿಯುವವರೆಗೆ, ಎಲ್ಲ ಶನಿವಾರವೂ ರಜೆ. ಆವತ್ತು ಶೇರ್ ಆಟೋದಲ್ಲಿ ಅಂಚಿಗೆ ಅರ್ಧ ಕೂತು ಹೋಗುವಾಗಲೂ ನನ್ನ ಹಿಂದಿಯ ಬಗ್ಗೆ ನನಗೇ ಹೆಮ್ಮೆ.

ಆಮೇಲಿನ ದಿನಗಳಲ್ಲಿ ಏನೋ ಬದಲಾದದ್ದು ಗೊತ್ತಾಗುತ್ತಿತ್ತು. ಹೊಸ ತರಬೇತಿಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮುಂದಿನ ತಿಂಗಳ ಮಾತು ಬಂದಾಗ ಟೀಮ್ ಲೀಡ್ ನನ್ನ ಕಡೆ ನೋಡದೆ ಬೇರೆಯವರಿಗೆ ಹೇಳುತ್ತಿದ್ದ. ಪಕ್ಕದ ತಮಿಳು ಕುರ್ಚಿಯವಳು ನನ್ನೊಡನೆ ಊಟಕ್ಕೆ ಬರುತ್ತಿದ್ದವಳು, ಈಗ ತೆಲುಗಿನವಳ ಜೊತೆ ಹೋಗತೊಡಗಿದಳು. ಶನಿವಾರ ಅವರೆಲ್ಲ ದುಡಿಯುವಾಗ ನಾನೊಬ್ಬಳು ರಜೆ ಹಾಕುತ್ತೇನೆಂದು ಹೊಟ್ಟೆಕಿಚ್ಚು ಅಂದುಕೊಂಡೆ. ಹೊಟ್ಟೆಕಿಚ್ಚಾದರೆ ಪಡಲಿ ಎಂದು ಹಟಕ್ಕೆ ಬಿದ್ದು, ಮೆಟ್ಟಿಲ ಬಳಿಯ ಕಿಟಕಿಯ ಹತ್ತಿರ ನಿಂತು ಒಬ್ಬಳೇ ಡಬ್ಬಿ ತೆರೆದು ತಿನ್ನುತ್ತಿದ್ದೆ. ಕೆಳಗೆ ಛೋಲೆ ಕುಲ್ಚೆ ಗಾಡಿಯ ಸುತ್ತ ಆಫೀಸಿನವರು ಗುಂಪುಗುಂಪಾಗಿ ನಿಂತಿರುತ್ತಿದ್ದರು. ಹಟ ಮಾಡಿದ್ದೇನೋ ಸರಿ, ಅರ್ಧ ಅನ್ನ ಮಾತ್ರ ಡಬ್ಬಿಯಲ್ಲೇ ಮನೆಗೆ ವಾಪಸು ಬರುತ್ತಿತ್ತು.

ಮಾರ್ಚ್ ಕೊನೆಗೆ ಟೀಮ್ ಲೀಡ್ ಒಬ್ಬ ಹುಡುಗಿಯನ್ನು ಕರೆತಂದು ನನ್ನ ಪಕ್ಕ ಕುರ್ಚಿ ಹಾಕಿಸಿದ. ಹುಬ್ಬಳ್ಳಿಯವಳು, ಹೋದ ವರ್ಷ ಮದುವೆಯಾಗಿ ಬಂದವಳು. ಗಂಡ ನೋಯ್ಡಾದಲ್ಲೇ ಸಾಫ್ಟ್‌ವೇರು, ಮನೆ ಇಂದಿರಾಪುರಂನಲ್ಲಿ, ನಮ್ಮ ಸೊಸೈಟಿಯಿಂದ ಎರಡು ಗೇಟು ಆಚೆ. "ಮ್ಯಾಮ್, ಇವರಿಗೆ ಎಲ್ಲ ಕಲಿಸಿಕೊಡಿ" ಎಂದಷ್ಟೇ ಹೇಳಿ ಹೋದ. ಬೇಸಿಗೆಯ ಕರೆಗಳು ಹೆಚ್ಚಾದವಲ್ಲ, ಅದಕ್ಕೇ ಇನ್ನೊಬ್ಬಳು ಎಂದು ನಾನು ಅಂದುಕೊಂಡೆ.

ಮೊದಲ ದಿನ ಊಟದ ಹೊತ್ತಿಗೆ ಅವಳು ಸ್ಟೀಲಿನ ಡಬ್ಬಿ ತೆರೆದು, "ಅಕ್ಕಾರ, ಅಲ್ಲ್ಯಾಕ ನಿಂತೀರಿ? ಬರ್ರಿ, ರೊಟ್ಟಿ ತಿನ್ನೋಣು" ಎಂದಳು.

ಏಳು ವರ್ಷದಲ್ಲಿ ಆ ಕಟ್ಟಡದೊಳಗೆ ಹೆಡ್‌ಸೆಟ್ಟಿನ ಆಚೆಯಿಂದ ಕೇಳಿದ ಮೊದಲ ಕನ್ನಡ ಅದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿದೆ, ಅವಳು ನಂಬಿದಳು. ಅಂದಿನಿಂದ ಊಟಕ್ಕೆ ಜೊತೆ, ಸಂಜೆ ಆಟೋಗೆ ಜೊತೆ. ಅವಳ ಹುಬ್ಬಳ್ಳಿ ಕನ್ನಡವನ್ನು ನಾನು ಅಣಕಿಸುವುದು, ನನ್ನ "ತಮ್ಮ ಸಹನೆಗೆ ಧನ್ಯವಾದಗಳು" ಎಂಬ ಸ್ಕ್ರಿಪ್ಟಿನ ಕನ್ನಡವನ್ನು ಅವಳು ಅಣಕಿಸುವುದು. ಆಟೋ ಓಡಿಸುವ ಭಯ್ಯಾ ಒಂದು ದಿನ ತಿರುಗಿ, ನೀವಿಬ್ಬರೂ ಜಗಳವಾಡುತ್ತಿದ್ದೀರಾ ಎಂದು ಕೇಳಿದ. ಓದುತ್ತಿದ್ದೇನೆ ಎಂದು ಅವಳೊಬ್ಬಳಿಗೇ ಹೇಳಿದೆ. ಅಷ್ಟು ಸುಖವಾಗಿ ನಾನು ಆ ಊರಿನಲ್ಲಿ ಯಾವತ್ತೂ ಇರಲಿಲ್ಲ.

ಮೂರು ವಾರವಾಗಿತ್ತು. ಆಟೋಗೆ ಕಾಯುತ್ತಾ ನಿಂತಿದ್ದಾಗ ಅವಳು ಕೇಳಿದಳು, "ಅಕ್ಕಾರ, ನೀವು ಹೋದ್ಮ್ಯಾಲೆ ನಾ ಒಬ್ಬಾಕೀನ ಹೆಂಗ ಮಾಡ್ಲಿ?"

"ಎಲ್ಲಿಗೆ ಹೋದ್ಮೇಲೆ?"

"ಮತ್ತ ನೀವು ಬಿಟ್ಟು ಹೊಂಟೀರಂತನ ನನ್ನ ತಗೊಂಡಾರಲ್ರೀ. ಟೀಮ್ ಲೀಡ್ ಸರ್ ಅವತ್ತ ಹೇಳ್ಯಾರ. 'ಮ್ಯಾಮ್ ಕೇ ಪಾಸ್ ಬಹುತ್ ಅವಸರ್ ಹೈ' ಅಂದ್ರು. ಅಕ್ಕಾರಿಗೆ ಭಾಳ ಅವಸರ ಐತಿ, ಲಗೂನ ಹೊಂಟಾರ ಅಂತ ನಾ ತಿಳ್ಕೊಂಡೆ."

ಆ ವಾಕ್ಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ನನ್ನ ತಲೆಗೆ ಹೊಳೆಯಿತು. ಹಿಂದಿಯಲ್ಲಿ ಅವಸರ್ ಎಂದರೆ ನಮ್ಮ ಅವಸರವಲ್ಲ, ಅವಕಾಶ. ನನಗೆ ತುರ್ತಿದೆ ಎಂದು ನಾನು ಬರೆದದ್ದನ್ನು, ನನಗೆ ಬೇರೆ ಕಡೆ ಬೇಕಾದಷ್ಟು ಅವಕಾಶಗಳಿವೆ, ಶನಿವಾರ ರಜೆ ಕೊಡದಿದ್ದರೆ ನಿಮಗೆ ಕಷ್ಟವಾಗುತ್ತದೆ ಎಂದು ಅವರು ಓದಿಕೊಂಡಿದ್ದರು. ವಿನಯದ ಅರ್ಜಿ ಎಂದುಕೊಂಡು ನಾನು ಕಳಿಸಿದ್ದು ಧಮಕಿ. ಅದಕ್ಕೇ ಸಂಜೆಯೊಳಗೆ ಸಹಿ, ಅದಕ್ಕೇ ಪಟ್ಟಿಯಿಂದ ಹೊರಗೆ, ಅದಕ್ಕೇ ಈ ಹುಡುಗಿ. ಮೊದಲು ನಗು ಬಂತು, ಜೋರಾಗಿ ನಕ್ಕೆ. ಪೂರ್ತಿ ತಿಳಿಯದಿದ್ದರೂ ನನ್ನ ನಗು ನೋಡಿ ಅವಳೂ ನಕ್ಕಳು. ನಗುತ್ತಿರುವಾಗಲೇ, ಕನ್ನಡಕ್ಕೆ ಕುರ್ಚಿ ಒಂದೇ ಎಂಬುದು ನೆನಪಾಯಿತು.

ನಿಜ ಹೇಳಿದರೆ ಅಂದೇ ನನ್ನ ಶನಿವಾರಗಳು ಹೋಗುತ್ತಿದ್ದವು, ಪರೀಕ್ಷೆಯೂ ಹೋಗುತ್ತಿತ್ತು. ಮೂರು ತಿಂಗಳ ಪ್ರೊಬೇಷನ್ ಮೇಲೆ ಬಂದಿದ್ದ ಅವಳ ಕೆಲಸವೂ ಹೋಗುತ್ತಿತ್ತು. ಹೇಳದಿದ್ದರೆ ಮೇ ಮುಗಿಯುವಷ್ಟರಲ್ಲಿ ನನ್ನ ಕೆಲಸ ಹೋಗುತ್ತಿತ್ತು. ಪರೀಕ್ಷೆ ಮುಗಿಯಲು ಇನ್ನೂ ಐದು ಶನಿವಾರ ಬಾಕಿ. ಅದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ. ಅವಳಿಗೂ ಹೇಳಲಿಲ್ಲ.

ಆ ಸೆಮಿಸ್ಟರಿನ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಇದೇ ವಿಷಯ, ಎರಡು ಭಾಷೆಯಲ್ಲಿ ಒಂದೇ ಮುಖ ಹೊತ್ತು ಬೇರೆ ಬೇರೆ ಅರ್ಥ ಕೊಡುವ ಪದಗಳು. ಹಿಂದಿಯಲ್ಲಿ ಶಿಕ್ಷಾ ಎಂದರೆ ಓದು, ನಮ್ಮಲ್ಲಿ ಶಿಕ್ಷೆ. ಅವರಿಗೆ ಉಪನ್ಯಾಸ ಎಂದರೆ ಕಾದಂಬರಿ, ನಮಗೆ ಭಾಷಣ. ಅವಸರದ ಸರದಿ ಬಂದಾಗ ನನ್ನ ಅರ್ಜಿಯ ಕತೆಯನ್ನು ತರಗತಿಯ ಮುಂದೆ ನಿಂತು ಹೇಳಿದೆ. ಎಲ್ಲರೂ ಮೇಜು ತಟ್ಟಿ ನಕ್ಕರು. ನಮ್ಮ ಪ್ರಾಧ್ಯಾಪಕಿ, ನಿವೃತ್ತಿಗೆ ಹತ್ತಿರವಾಗಿದ್ದ ಲಖನೌ ಕಡೆಯ ಹೆಂಗಸು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಆಮೇಲೆ ಅವರಿಗೆ ಸರಿಯಾದ ಅರ್ಥ ತಿಳಿಸಿದಿರಾ?" ಎಂದು ಹಿಂದಿಯಲ್ಲಿ ಕೇಳಿದರು.

"ಪರೀಕ್ಷೆ ಆದ ಮೇಲೆ, ಮ್ಯಾಮ್" ಎಂದೆ. ಮತ್ತೆ ನಗು. ಅವತ್ತು ಚಹಾಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಅಷ್ಟು ದಿನ ಕಾದಿದ್ದ ಚಹಾ, ನನಗೆ ಒಂದು ಗುಟುಕೂ ರುಚಿಸಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಹುಡುಗಿ ಇನ್ನೊಂದು ಸುದ್ದಿ ತಂದಳು. ಅವರ ಸೊಸೈಟಿಯ ಹತ್ತಿರದ ಒಂದು ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಸಿಗುವುದರಲ್ಲಿತ್ತು. ನಡೆದುಕೊಂಡು ಹೋಗುವಷ್ಟು ದೂರ, ಮಧ್ಯಾಹ್ನಕ್ಕೆ ಮನೆ.

"ಹೇಳ್ರಿ ಅಕ್ಕಾರ, ಇಲ್ಲೇ ಇರ್ಲೋ, ಸಾಲಿಗೆ ಹೋಗ್ಲೋ? ನನಗೇನೂ ತಿಳಿವಲ್ದು. ನೀವು ಹೆಂಗಂತೀರಿ ಹಂಗ."

ಹೋಗು ಎನ್ನಬೇಕಿತ್ತು. ಈ ಕುರ್ಚಿ ನಿನಗೆ ಸಿಗುವುದಿಲ್ಲ, ನಾನು ಎಲ್ಲಿಗೂ ಹೋಗುತ್ತಿಲ್ಲ, ಸುಮ್ಮನೆ ಆ ಕೆಲಸ ಹಿಡಿ ಎನ್ನಬೇಕಿತ್ತು. ಅದು ಗೊತ್ತಿದ್ದೂ ನನ್ನ ಕಣ್ಣ ಮುಂದೆ ಬಂದದ್ದು ಮೆಟ್ಟಿಲ ಬಳಿಯ ಆ ಕಿಟಕಿ. ನಾಳೆಯಿಂದ ಮತ್ತೆ ಅಲ್ಲಿ ನಿಂತು ಒಬ್ಬಳೇ ತಿನ್ನಬೇಕು ಎನ್ನುವುದನ್ನು ನೆನೆಸಿಕೊಂಡೇ ನನಗೆ ಸಂಕಟವಾಯಿತು.

"ಇಲ್ಲೇ ಚೆನ್ನಾಗಿದೀಯಲ್ಲ" ಎಂದೆ.

"ಆತು ಬಿಡ್ರಿ, ಹಂಗಾರ ಇಲ್ಲೇ" ಎಂದು ಅವಳು ಮರುದಿನವೇ ಶಾಲೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟಳು. ಅವಳ ಮೇಲೆ ಪ್ರೀತಿಯಿಂದ ಕೊಟ್ಟ ಸಲಹೆ ಎಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡು ನೋಡಿದೆ. ಪ್ರೀತಿಯೇನೋ ಹೌದು, ಆದರೆ ಅದು ನನ್ನ ಮೇಲಿನದು.

ಮೇ ಮೂರನೆಯ ವಾರ ಪರೀಕ್ಷೆ ಮುಗಿಯಿತು. ಸೋಮವಾರ ಟೀಮ್ ಲೀಡ್‌ನ ಮೇಜಿನ ಮುಂದೆ ಕೂತು ಅವಸರದ ಅರ್ಥ, ಎಂ.ಎ., ಎಲ್ಲವನ್ನೂ ಹೇಳಿದೆ. ಅವನು ಹೆಡ್‌ಸೆಟ್ ತೆಗೆದಿಟ್ಟು ನಕ್ಕ. "ಮ್ಯಾಮ್, ಆಪ್ ನೇ ತೋ ಡರಾ ಹೀ ದಿಯಾ ಥಾ" ಎಂದ, ನಮ್ಮನ್ನು ಹೆದರಿಸಿಯೇ ಬಿಟ್ಟಿದ್ದಿರಿ ಎಂದು. ಬಡೇ ಸರ್ ಆ ಅರ್ಜಿಯನ್ನು ಎರಡು ಸಲ ಓದಿ, ಈ ಹೆಂಗಸಿಗೆ ಎಷ್ಟು ಕೊಬ್ಬು ಎಂದಿದ್ದರಂತೆ. ನಕ್ಕು ಮುಗಿಸಿದ ಮೇಲೆ ಅವನ ಮುಖ ಸಪ್ಪಗಾಯಿತು. "ಲೇಕಿನ್ ಮ್ಯಾಮ್, ಸೀಟ್ ತೋ ಏಕ್ ಹೀ ಹೈ." ಆದರೆ ಕುರ್ಚಿ ಇರುವುದು ಒಂದೇ.

ಇಬ್ಬರನ್ನೂ ಇಟ್ಟುಕೊಳ್ಳಿ ಎಂದೆ. ತನ್ನ ಕೈಯಲ್ಲಿಲ್ಲ ಎಂದ. ನೀವು ಹೋಗುವುದಾದರೆ ಅವಳು ಉಳಿಯುತ್ತಾಳೆ, ನೀವು ಉಳಿಯುವುದಾದರೆ ಅವಳ ಅವಧಿ ಮುಂದುವರಿಸುವುದಿಲ್ಲ, ಎರಡು ದಿನ ಯೋಚಿಸಿ ಎಂದ. ಎರಡು ದಿನ ಯೋಚಿಸುವ ನಾಟಕ ಮಾಡಿದೆ. ಅವಳಿಗೆ ಗಂಡನಿದ್ದಾನೆ, ನನಗೆ ಯಾರಿದ್ದಾರೆ ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ನಾನು ಉಳಿದೆ.

ಅವಳಿಗೆ ನಾನೇ ಹೇಳುತ್ತೇನೆ ಎಂದು ಕೇಳಿಕೊಂಡೆ, ಹೇಳಿದೆ ಕೂಡ. ಅವಳು ಬೈಯಲಿಲ್ಲ, ಅಳಲಿಲ್ಲ. ಕೊನೆಯ ದಿನ ನನ್ನ ಬಳಿ ಉಳಿದಿದ್ದ ಅವಳ ಚಟ್ನಿ ಡಬ್ಬಿಯನ್ನು ತೊಳೆದು ತಂದು ಕೊಟ್ಟೆ. ಅದನ್ನು ಚೀಲಕ್ಕೆ ಹಾಕಿಕೊಂಡು, ನೆಲ ನೋಡುತ್ತಾ, "ಅಕ್ಕಾರ, ಅವತ್ತ ಒಂದ್ ಮಾತ್ ಹೇಳಿದ್ರ ಸಾಲೀಗರ ಹೋಗ್ತಿದ್ನಲ್ರೀ" ಎಂದಳು. ಲಿಫ್ಟ್ ಬಂತು, ಹೋದಳು. ಅವಳ ನಂಬರು ನನ್ನ ಫೋನಿನಲ್ಲಿತ್ತು. ಎಷ್ಟೋ ಸಂಜೆ ತೆಗೆದು ನೋಡುತ್ತಿದ್ದೆ, ಒತ್ತುವುದಕ್ಕೆ ಮುಖವಿರಲಿಲ್ಲ. ಎರಡು ಗೇಟು ಆಚೆಯ ಮನೆ. ತರಕಾರಿಗೆ ಹೋಗುವಾಗ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಜುಲೈಯಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ, ಅದೂ ಮೊದಲ ದರ್ಜೆಯಲ್ಲಿ. ಅವಸರದ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚಿನ ಅಂಕ. ಅಕ್ಕನಿಗೆ ಫೋನ್ ಮಾಡಿದರೆ ಮದುವೆ ಮನೆಯೊಂದರ ಗದ್ದಲದಲ್ಲಿದ್ದಳು. "ಹೌದೇನೇ, ಒಳ್ಳೇದಾಯ್ತು, ಆಮೇಲೆ ಮಾಡ್ತೀನಿ" ಎಂದಿಟ್ಟಳು. ಊಟದ ಹೊತ್ತಿಗೆ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಅಂಕಪಟ್ಟಿಯನ್ನು ಇನ್ನೊಮ್ಮೆ ತೆರೆದೆ. ನನ್ನದು ಅನ್ನುವ ಒಂದು ವಿಷಯ ಬೇಕಿತ್ತಲ್ಲ, ಸಿಕ್ಕಿತ್ತು. ಅದನ್ನು ತೋರಿಸೋಣವೆಂದರೆ ಆ ಮಹಡಿಯಲ್ಲಿ ಯಾರೂ ಇರಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಒಂದು ಕರೆ. ಎಂದಿನ ಹಾಗೆ, "ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದೆ. ಆ ಕಡೆಯಿಂದ, "ನಮ್ಮ ಮಿಕ್ಸಿ ಕಂಪ್ಲೇಂಟ್ ಇತ್ರೀ" ಎಂಬ ದನಿ, ಅವಳದೇ.

ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಯಾರೋ ಕೂತು ಕೇಳುತ್ತಾರೆ. ಅದು ಅವಳಿಗೂ ಗೊತ್ತು, ನಾನೇ ಕಲಿಸಿದ್ದು. "ಹೇಳಿ ಮೇಡಂ, ಮಿಕ್ಸಿಗೆ ಏನಾಗಿದೆ?" ಎಂದೆ.

"ಏನೂ ಆಗಿಲ್ರೀ, ಚಲೋ ಓಡಾಕತ್ತೇತಿ. ನೆಟ್‌ನ್ಯಾಗ ನೋಡಿದೆ, ರಿಸಲ್ಟ್ ಬಂತಂತಲ್ರೀ ಇವತ್ತ?"

"ಹೌದು ಮೇಡಂ. ನಿಮ್ಮ ಮಾಹಿತಿ ಸರಿಯಾಗಿದೆ."

"ಪಾಸಾದ್ರೇನು?"

"ಹೌದು ಮೇಡಂ."

"ಭಾಳ ಚಲೋ ಆತ್ರೀ" ಎಂದಳು. ಹಿಂದೆ ಅವಳ ಮನೆಯ ಕುಕ್ಕರು ಕೂಗಿದ್ದು ಕೇಳಿಸಿತು. ಹೇಳಬೇಕಾದದ್ದು ಬಹಳವಿತ್ತು, ಆದರೆ ಕಂಪನಿಯ ಫೋನಿನಲ್ಲಿ ಯಾವ ಕನ್ನಡದಲ್ಲಿ ಅದನ್ನು ಹೇಳುವುದು? ಬಾಯಿ ತನಗೆ ಅಭ್ಯಾಸವಾಗಿದ್ದನ್ನೇ ಹೇಳಿತು.

"ಮೇಡಂ, ನಿಮ್ಮ ಸಮಸ್ಯೆಗೆ ಸಮಾಧಾನ ಸಿಕ್ಕಿತೇ?"

"ಇಲ್ರೀ ಅಕ್ಕಾರ" ಎಂದಳು. ಆಮೇಲೆ ಅವಳೇ ಕೇಳಿದಳು, "ನಿಮಗ ಸಿಕ್ತೇನ್ರೀ?"

ಕರೆ ಮುಗಿಯಿತು. ಪರದೆಯ ಮೇಲೆ ಎರಡು ಗುಂಡಿ ಕಾಯುತ್ತಿದ್ದವು. ಏಳು ವರ್ಷ ಕಣ್ಣು ಮುಚ್ಚಿ 'ಹೌದು' ಒತ್ತಿದ ಬೆರಳು ಅಲ್ಲಿಗೇ ಹೋಯಿತು. ಅದನ್ನು ಹಿಂದಕ್ಕೆ ತೆಗೆದು 'ಇಲ್ಲ' ಒತ್ತಿದೆ. ಇನ್ನು ಎರಡು ದಿನದೊಳಗೆ ನಾನು ಅವಳಿಗೆ ಫೋನ್ ಮಾಡಲೇಬೇಕು.